ರಾಯಚೂರು ದೋಆಬಿನಲ್ಲಿ ಯುದ್ಧಮೃತರ ಮನೆತನಸ್ಮರಣೆ

೧

ಯುದ್ಧದಲ್ಲಿ ಮಡಿದವರನ್ನು ಎರಡು ಕಡೆಯಿಂದ ಎಣಿಸಬಹುದು. ಪಡೆಯ ಕಡೆಯಿಂದ ಎಣಿಸಿದಾಗ ಮೃತನು ಒಂದು ದಳದ ಸಿಪಾಯಿ. ಅವನಿಗೊಂದು ಸಂಖ್ಯೆಯುಂಟು, ದರ್ಜೆಯುಂಟು. ಮನೆಯ ಕಡೆಯಿಂದ ಎಣಿಸಿದಾಗ ಅವನೇ ಒಬ್ಬರ ಮಗ, ಮತ್ತೊಬ್ಬರ ಅಣ್ಣ, ಬೇರೊಂದು ಊರಿನ ಅಳಿಯ. ಮೊದಲನೆಯ ಎಣಿಕೆಯನ್ನು ಸರ್ಕಾರಗಳೂ ಸೇನಾ ಕಚೇರಿಗಳೂ ಮಾಡುತ್ತ ಬಂದಿವೆ. ಎರಡನೆಯದನ್ನು ಮಾಡುವವರು ಮನೆಯವರು. ಮನೆಯವರು ಚದುರಿಹೋದ ಮೇಲೆ, ಅಥವಾ ಬಲ್ಲವರು ತೀರಿಕೊಂಡ ಮೇಲೆ, ಆ ಎಣಿಕೆಯನ್ನು ಯಾರು ಮಾಡಬೇಕು ಎಂಬುದು ಇತಿಹಾಸಜ್ಞನ ಮುಂದಿರುವ ಪ್ರಶ್ನೆಯಾಗಿದೆ.

ಪ್ರಕೃತ ಲೇಖನದಲ್ಲಿ ನಾವು ವಿವೇಚಿಸಲಿರುವುದು ಈ ಎರಡನೆಯ ಎಣಿಕೆಯನ್ನು. ಒಂದೇ ಮನೆತನದ ಹಲವರು ಯುದ್ಧಗಳಲ್ಲಿ ಹತರಾದಾಗ ಅವರನ್ನು ಒಟ್ಟಾಗಿ, ಪರಸ್ಪರ ಸಂಬಂಧಸಹಿತವಾಗಿ ನೆನೆಯುವುದು ಯಾವ ಸಾಧನಗಳಿಂದ ಸಾಧ್ಯವಾಗುತ್ತದೆ? ಇಪ್ಪತ್ತನೆಯ ಶತಮಾನದ ಎರಡು ಮಹಾಯುದ್ಧಗಳ ವಿಷಯದಲ್ಲಿ ನಮ್ಮ ನಾಡಿನಲ್ಲಿ ಅದು ದುಸ್ಸಾಧ್ಯವಾದುದೇಕೆ? ಇಲ್ಲಿ ಮನೆತನವೆಂದರೆ ಒಂದು ಒಲೆಯ ಕುಟುಂಬವಷ್ಟೇ ಅಲ್ಲದೆ ದಾಯಾದಿಗಳು, ಹೆಣ್ಣು ಕೊಟ್ಟು ತಂದ ಬೀಗರು, ಸೋದರಮಾವನ ಮನೆಯವರು ಎಲ್ಲರನ್ನೂ ಒಳಗೊಂಡ ಬಳಗವೆಂದು ತಿಳಿಯತಕ್ಕದ್ದು. ನಮ್ಮ ಕ್ಷೇತ್ರವು ಕೃಷ್ಣಾ ತುಂಗಭದ್ರೆಗಳ ನಡುವಣ ರಾಯಚೂರು ದೋಆಬು. ಅದರಲ್ಲಿಯೂ ಲಿಂಗಸುಗೂರು, ಮಸ್ಕಿ ಮತ್ತು ಸಿಂಧನೂರು ಪ್ರದೇಶ.

ವಿಷಯದ ವ್ಯಾಪ್ತಿಯನ್ನು ಅರಿಯಲು ಎರಡು ಅಂಕೆಗಳು ಸಾಕು. ಅವಿಭಜಿತ ಭಾರತದ ಸೇನೆಯಲ್ಲಿದ್ದು ೧೯೧೪–೧೮ರ ಯುದ್ಧದಲ್ಲಿ ಮಡಿದವರು ಸುಮಾರು ೭೪,೦೦೦. ೧೯೩೯–೪೫ರ ಯುದ್ಧದಲ್ಲಿ ಮಡಿದವರು ಸುಮಾರು ೮೭,೦೦೦. ಇವು ಪಡೆಯ ಕಡೆಯ ಎಣಿಕೆಗಳು. ಇವರು ಎಷ್ಟು ಮನೆತನಗಳಿಗೆ ಸೇರಿದವರು, ಯಾವ ಮನೆತನದಿಂದ ಇಬ್ಬರು ಹೋದರು, ಯಾವುದರಿಂದ ನಾಲ್ವರು ಹೋದರು ಎಂಬುದು ಈ ಅಂಕೆಗಳಿಂದ ವಿದಿತವಾಗುವುದಿಲ್ಲ.

೨

ದೋಆಬು ಯುದ್ಧಕ್ಕೆ ಹೊಸದಾದ ನೆಲವಲ್ಲ. ರಾಜೇಂದ್ರ ಚೋಳನು ಸು. ೧೦೨೧ರಲ್ಲಿ ಕಲ್ಯಾಣದ ಚಾಲುಕ್ಯ ಜಯಸಿಂಹನನ್ನು ಸೋಲಿಸಿದುದಾಗಿ ಹೇಳಿಕೊಂಡಿರುವ ಮುಶಂಗಿಯನ್ನು ವಿದ್ವಾಂಸರು ಮಸ್ಕಿಯೆಂದು ಗುರುತಿಸಿದ್ದಾರೆ. ಬಹಮನಿ ಮತ್ತು ವಿಜಯನಗರದ ಅರಸರು ಮುದಗಲ್ಲು, ರಾಯಚೂರು ಕೋಟೆಗಳಿಗಾಗಿ ತಲೆತಲಾಂತರ ಕಾದಾಡಿದರು; ೧೫೨೦ರ ರಾಯಚೂರು ಯುದ್ಧದಲ್ಲಿ ಕೃಷ್ಣದೇವರಾಯನು ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿದ ಸಂಗತಿ ವಿದ್ಯಾರ್ಥಿಗಳೆಲ್ಲರಿಗೂ ತಿಳಿದುದೇ ಆಗಿದೆ.

ಇಂತಹ ನಾಡಿನಲ್ಲಿ ಮಡಿದವರನ್ನು ನೆನೆಯುವ ಪದ್ಧತಿಯೊಂದು ಬೆಳೆದು ಬಂದುದು ಸಹಜವೇ ಆಗಿದೆ. ಕನ್ನಡ ನಾಡಿನ ವೀರಗಲ್ಲುಗಳ ರೂಢಿಯ ರಚನೆ ಎಲ್ಲರೂ ಬಲ್ಲದ್ದು: ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವಿನದರಲ್ಲಿ ವೀರನನ್ನು ಎತ್ತಿಕೊಂಡೊಯ್ಯುವ ಅಪ್ಸರೆಯರು, ಮೇಲಿನದರಲ್ಲಿ ಲಿಂಗದ ಸನ್ನಿಧಿ, ತುದಿಯಲ್ಲಿ ಸೂರ್ಯಚಂದ್ರರು. ಆದರೆ ನಮ್ಮ ವಿಷಯಕ್ಕೆ ಶಿಲ್ಪಕ್ಕಿಂತಲೂ ಶಾಸನಪಾಠವೇ ಮುಖ್ಯ. ಬರಹವಿರುವ ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಅರಸನ ಹೆಸರು ಮತ್ತು ಕಾಲದ ತರುವಾಯ ಮಡಿದವನು ಯಾರ ಮಗನೆಂಬುದೂ, ಊರನ್ನು ಕಾಯುತ್ತಲೋ ತುರುಗಳನ್ನು ಮರಳಿಸುತ್ತಲೋ ಒಡೆಯನ ಪರವಾಗಿ ಇರಿದೋ ಬಿದ್ದನೆಂಬುದೂ, ಕೊನೆಯಲ್ಲಿ ಕಲ್ಲನ್ನು ನಿಲಿಸಿದವರು ಯಾರೆಂಬುದೂ ಬರುತ್ತವೆ. ಅನೇಕ ವೇಳೆ ನಿಲಿಸಿದವನು ತಮ್ಮನೋ ಮಗನೋ ಆಗಿರುತ್ತಾನೆ. ಹೀಗೆ ಮೃತನ ಜೊತೆಗೆ ಉಳಿದವನ ಹೆಸರೂ ಕಲ್ಲಿನ ಮೇಲೆ ನಿಲ್ಲುತ್ತದೆ.

ಇದಕ್ಕೆ ಸಂಬಂಧಿಸಿದ ಇನ್ನೊಂದು ಸಂಸ್ಥೆ ನೆತ್ತರುಗೊಡಗೆ. ಮಡಿದವನ ಮನೆಯವರಿಗೆ ಅರಸನೋ ಊರಿನವರೋ ಬಿಟ್ಟುಕೊಡುತ್ತಿದ್ದ ಭೂಮಿಗೆ ಈ ಹೆಸರು. ಕಲ್ನಾಡು ಎಂಬ ಮಾತೂ ಶಾಸನಗಳಲ್ಲಿ ಬರುತ್ತದೆ. ಭೂಮಿಯನ್ನು ವಂಶವು ಉಳುತ್ತಿರುವವರೆಗೆ ಅದು ಯಾರ ನೆತ್ತರಿಗೆ ಬಂದುದೆಂಬ ನೆನಪೂ ಉಳಿಯುತ್ತಿತ್ತು. ಆದುದರಿಂದ ವೀರಗಲ್ಲನ್ನು ಕೇವಲ ಶೌರ್ಯದ ಪ್ರಶಸ್ತಿಯೆಂದು ಭಾವಿಸದೆ, ಹೆಸರು, ಸಂಬಂಧ, ಸ್ಥಳ ಈ ಮೂರನ್ನೂ ಒಂದೆಡೆ ಕೂಡಿಸಿಟ್ಟ ದಾಖಲೆಯೆಂದು ಪರಿಗಣಿಸುವುದು ಯುಕ್ತ. ಈ ಮೂರು ಅಂಶಗಳನ್ನೇ ನಾವು ಮುಂದಿನ ವಿವೇಚನೆಗೆ ಅಳತೆಗೋಲಾಗಿ ಬಳಸುತ್ತೇವೆ.

೩

ಮೊದಲನೆಯ ಮಹಾಯುದ್ಧವು ನಡೆಯುತ್ತಿದ್ದ ೧೯೧೫ರಲ್ಲಿಯೇ ಮಸ್ಕಿಯ ಬೆಟ್ಟದಲ್ಲಿ ಚಿನ್ನದ ಗಣಿಯ ಎಂಜಿನಿಯರಾಗಿದ್ದ ಬೀಡನ್ ಎಂಬವರು ಅಶೋಕನ ಕಿರುಶಿಲಾಶಾಸನವನ್ನು ಕಂಡುಹಿಡಿದರು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಹೈದರಾಬಾದಿನ ಪುರಾತತ್ತ್ವ ಮಾಲೆಯಲ್ಲಿ ಪ್ರಕಟಿಸಿದರು. ಅದುವರೆಗೆ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಿಂದಲೇ ಶಾಸನಗಳಲ್ಲಿ ಕಾಣುತ್ತಿದ್ದ ದೊರೆಯ ಸ್ವಂತ ಹೆಸರು ಇಲ್ಲಿ ಮೊದಲ ಬಾರಿಗೆ ದೊರೆಯಿತು. ಅನಂತರ ಗುಜರ್ರಾ, ನಿಟ್ಟೂರು, ಉದೇಗೊಳದ ಪಾಠಗಳಲ್ಲಿಯೂ ಆ ಹೆಸರು ಕಂಡುಬಂದಿತು.

ಆದರೆ ನಮ್ಮ ಪ್ರಸ್ತುತ ವಿಷಯಕ್ಕೆ ಹೆಚ್ಚು ಸಮೀಪವಾದುದು ಅದೇ ದೊರೆಯ ಹದಿಮೂರನೆಯ ಶಿಲಾಶಾಸನ. ದೋಆಬಿನ ನೆರೆಯ ಕರ್ನೂಲು ಜಿಲ್ಲೆಯ ಯರ್ರಗುಡಿಯಲ್ಲಿ ಅದರ ಪಾಠವಿದೆ. ಕಳಿಂಗ ಯುದ್ಧದಲ್ಲಿ ಒಂದೂವರೆ ಲಕ್ಷ ಜನ ಸೆರೆಯಾಗಿ ಒಯ್ಯಲ್ಪಟ್ಟರು, ಒಂದು ಲಕ್ಷ ಜನ ಹತರಾದರು, ಅದರ ಎಷ್ಟೋ ಪಾಲು ಜನ ಬೇರೆ ರೀತಿಯಿಂದ ಸತ್ತರು ಎಂದು ದೊರೆಯು ಅಲ್ಲಿ ಹೇಳಿಕೊಂಡಿದ್ದಾನೆ. ಅಲ್ಲಿಗೆ ನಿಲ್ಲದೆ, ತಾವು ಯುದ್ಧದಿಂದ ಪಾರಾದವರೂ ತಮ್ಮ ಮಿತ್ರರು, ಪರಿಚಿತರು, ಬಂಧುಗಳಿಗೆ ಒದಗಿದ ವಿಪತ್ತಿನಿಂದ ಪೆಟ್ಟು ತಿನ್ನುತ್ತಾರೆಂಬ ಅರ್ಥದ ಮಾತನ್ನೂ ಸೇರಿಸಿದ್ದಾನೆ. ಗೆದ್ದ ದೊರೆಯೊಬ್ಬನ ರಾಜಶಾಸನದಲ್ಲಿ ಹತರ ಬಂಧುಗಳ ದುಃಖವು ಯುದ್ಧದ ನಷ್ಟದ ಲೆಕ್ಕಕ್ಕೆ ಸೇರಿರುವುದು ಗಮನಾರ್ಹ.

ಆದರೂ ಕಳಿಂಗದಲ್ಲಿ ಹತನಾದ ಒಬ್ಬನ ಹೆಸರೂ ಈ ಶಾಸನದಲ್ಲಿಲ್ಲ. ನಮ್ಮ ಅಳತೆಗೋಲಿನಂತೆ ನೋಡಿದರೆ ಇಲ್ಲಿ ಸ್ಥಳವುಂಟು, ಸಂಖ್ಯೆಯುಂಟು, ಸಂಬಂಧದ ಅರಿವೂ ಉಂಟು. ಹೆಸರು ಮಾತ್ರ ಇಲ್ಲ. ರಾಜ್ಯವೊಂದು ಅತ್ಯಂತ ಸದುದ್ದೇಶದಿಂದ ಶೋಕಿಸಿದಾಗಲೂ ಅದರ ಭಾಷೆ ಸಂಖ್ಯೆಯ ಭಾಷೆಯೇ ಆಗಿರುತ್ತದೆ ಎಂಬುದಕ್ಕೆ ಇದನ್ನು ಪ್ರಾಚೀನ ನಿದರ್ಶನವೆನ್ನಬಹುದು.

೪

ದೋಆಬಿನ ಜನರು ಪ್ರತಿವರ್ಷವೂ ಯುದ್ಧದಲ್ಲಿ ಮಡಿದ ಒಂದು ಮನೆತನವನ್ನು ನೆನೆಯುತ್ತಾರೆ. ಆ ಮನೆತನ ಈ ನಾಡಿನದಲ್ಲ. ಮೊಹರಂ ಹಬ್ಬದ ಮೂಲವಾದ ಕರ್ಬಲದ ಕದನ ನಡೆದುದು ಕ್ರಿ. ಶ. ೬೮೦ರ ಅಕ್ಟೋಬರ್ ೧೦ರಂದು, ಇಂದಿನ ಇರಾಕಿನಲ್ಲಿ, ಯುಫ್ರೆಟಿಸ್ ನದಿಯ ಹತ್ತಿರ. ಪ್ರವಾದಿಯ ಮೊಮ್ಮಗ ಹುಸೇನರ ಜೊತೆಗೆ ಅಂದು ಮಡಿದವರು ಎಪ್ಪತ್ತೆರಡು ಮಂದಿಯೆಂದು ಸಂಪ್ರದಾಯ. ಅವರಲ್ಲಿ ಹುಸೇನರ ಮಲಸಹೋದರ ಅಬ್ಬಾಸ್, ಮಗ ಅಲಿ ಅಕ್ಬರ್, ಹಸುಗೂಸು ಅಲಿ ಅಸ್ಗರ್, ಅಣ್ಣ ಹಸನರ ಮಗ ಕಾಸಿಂ, ತಂಗಿ ಜೈನಬಳ ಮಕ್ಕಳಾದ ಔನ್ ಮತ್ತು ಮುಹಮ್ಮದ್ ಸೇರಿದ್ದರು. ತಮ್ಮ, ಮಗ, ಅಣ್ಣನ ಮಗ, ತಂಗಿಯ ಮಕ್ಕಳು: ಒಂದು ಬಳಗವೇ ಒಂದು ದಿನದಲ್ಲಿ ಅಳಿಯಿತು.

ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಂ ಕರ್ನಾಟಕದಲ್ಲಿ ಹೆಸರಾದುದು. ಮುಸಲ್ಮಾನರಷ್ಟೇ ಹಿಂದುಗಳೂ ಅಲ್ಲಿ ಪಾಲ್ಗೊಳ್ಳುತ್ತಾರೆ; ಉತ್ತರ ಕರ್ನಾಟಕದಲ್ಲಿ ಮುಸಲ್ಮಾನರ ಮನೆಯೊಂದೂ ಇಲ್ಲದ ಹಳ್ಳಿಗಳಲ್ಲಿಯೂ ಅಲಾಯಿ ದೇವರನ್ನು ಕೂಡಿಸುವ ಪದ್ಧತಿಯುಂಟು. ಅಲಾಯಿ ಕುಣಿಯಲ್ಲಿ ಬೆಂಕಿ ಹಾಕುವುದು, ಹರಕೆ ಹೊತ್ತವರು ಫಕೀರರಾಗುವುದು, ಸಕ್ಕರೆ ಓದಿಸುವುದು, ಚೊಂಗೆ ಮಾಡುವುದು, ಕತ್ತಲ ರಾತ್ರಿಯ ಜಾಗರಣೆ, ಕೊನೆಯ ದಿನ ದೇವರನ್ನು ಹೊಳೆಗೋ ಬಾವಿಗೋ ಕಳಿಸುವುದು ಇವೆಲ್ಲ ನಮ್ಮ ಓದುಗರಿಗೆ ಪರಿಚಿತವಾದ ಆಚರಣೆಗಳೇ. ಇವುಗಳೊಡನೆ ಹಾಡುವ ರಿವಾಯತ ಪದಗಳು ಕನ್ನಡದಲ್ಲಿರುತ್ತವೆ.

ಈ ಪದಗಳಲ್ಲಿ ಕರ್ಬಲದ ಮೃತರು ಕಾಣಿಸಿಕೊಳ್ಳುವ ರೀತಿಯನ್ನು ಇಲ್ಲಿ ಪರಿಶೀಲಿಸಬೇಕು. ಹಸನ ಹುಸೇನರು ಅಣ್ಣತಮ್ಮಂದಿರಾಗಿ, ಕಾಸಿಮನು ಮದುವಣಿಗನಾಗಿ, ಫಾತಿಮಾ ತಾಯಿಯಾಗಿ ಬರುತ್ತಾರೆ. ಹದಿಮೂರು ಶತಮಾನಗಳಷ್ಟು ದೂರದ, ಬೇರೆ ಭಾಷೆಯ, ಬೇರೆ ಮತದ ಒಂದು ಮನೆಯ ಸಾವು ದೋಆಬಿನ ಒಕ್ಕಲಿಗನಿಗೆ ತನ್ನ ಮನೆಯದೆನಿಸುವುದು ಈ ಸಂಬಂಧವಾಚಕಗಳ ಬಲದಿಂದ. ಕದನದ ಬಳಿಕ ಬದುಕಿ ಉಳಿದ ಜೈನಬಳು ಮಡಿದವರ ಕಥೆಯನ್ನು ಹೇಳುತ್ತ ಹೋದಳೆಂಬ ಸಂಪ್ರದಾಯವನ್ನೂ ಇಲ್ಲಿ ನೆನೆಯಬಹುದು. ಸಂಬಂಧವನ್ನು ಬಲ್ಲವರೊಬ್ಬರು ಉಳಿದು ಬಾಯಿಬಿಟ್ಟು ಹೇಳಿದುದರಿಂದಲೇ ಪಟ್ಟಿಯು ಕಥೆಯಾಯಿತು.

ಮನೆಯೊಳಗಿನ ಆಚರಣೆಗಳಲ್ಲಿಯೂ ಇದಕ್ಕೆ ಅವಕಾಶವಿದೆ. ಪಿತೃಪಕ್ಷದ ಚತುರ್ದಶಿಯನ್ನು ಶಸ್ತ್ರದಿಂದ ಹತರಾದವರಿಗೆಂದು ಮೀಸಲಿಡಲಾಗಿದೆ. ಸತ್ತ ತಿಥಿ ತಿಳಿಯದವರಿಗೆ ಮಹಾಲಯ ಅಮಾವಾಸ್ಯೆಯುಂಟು. ದೂರದೇಶದಲ್ಲಿ ಸತ್ತು, ದೇಹವೂ ದೊರೆಯದೆ, ದಿನವೂ ತಿಳಿಯದೆ ಹೋದವನನ್ನು ಹೆಸರು ಹಿಡಿದು ನೆನೆಯಲು ಸಂಪ್ರದಾಯವು ದಾರಿಯನ್ನು ಕಲ್ಪಿಸಿದೆ. ಹಾಗಾದರೆ ಮಹಾಯುದ್ಧಗಳ ಮೃತರ ವಿಷಯದಲ್ಲಿ ಏನಾಯಿತು?

೫

ದೋಆಬಿನಿಂದ ಮಹಾಯುದ್ಧಗಳಿಗೆ ಹೋಗುವ ಹಾದಿ ಲಿಂಗಸುಗೂರಿನ ಛಾವಣಿಯಿಂದ ಆರಂಭವಾಗುತ್ತದೆ. ಹೈದರಾಬಾದ್ ಕಂಟಿಂಜೆಂಟ್ ಎಂಬ ಪಡೆಯ ವೆಚ್ಚಕ್ಕಾಗಿ ನಿಜಾಮನು ೧೮೫೩ರ ಒಪ್ಪಂದದಂತೆ ಬೀರಾರ್, ಧಾರಾಶಿವ ಮತ್ತು ರಾಯಚೂರು ದೋಆಬುಗಳನ್ನು ಇಂಗ್ಲಿಷರ ಆಡಳಿತಕ್ಕೆ ಒಪ್ಪಿಸಿದನು. ದೋಆಬೂ ಧಾರಾಶಿವವೂ ೧೮೬೦ರಲ್ಲಿ ಅವನಿಗೆ ಮರಳಿದವು. ಕಂಟಿಂಜೆಂಟಿನ ಛಾವಣಿಗಳಲ್ಲಿ ಲಿಂಗಸುಗೂರೂ ಒಂದಾಗಿದ್ದಿತು. ೧೮೫೮ರಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕನ ಮೇಲೆ ದಂಡು ಹೊರಟುದು ಇಲ್ಲಿಂದಲೇ. ೧೯೦೩ರಲ್ಲಿ ಕಂಟಿಂಜೆಂಟು ಭಾರತೀಯ ಸೇನೆಯಲ್ಲಿ ಲೀನವಾಯಿತು; ೧೯೦೫ರ ಪುನಾರಚನೆಯಲ್ಲಿ ಲಿಂಗಸುಗೂರು ಜಿಲ್ಲೆಯೂ ಇಲ್ಲವಾಯಿತು. ಹೀಗೆ ಎರಡು ವರ್ಷಗಳ ಅಂತರದಲ್ಲಿ ಪಡೆಯೂ ಜಿಲ್ಲೆಯೂ ಹೆಸರು ಕಳೆದುಕೊಂಡವು.

ಕಂಟಿಂಜೆಂಟಿನಿಂದ ಹುಟ್ಟಿದ ದಳಗಳು ಮೊದಲನೆಯ ಮಹಾಯುದ್ಧದಲ್ಲಿ ಹಲವು ರಂಗಗಳಲ್ಲಿ ಕಾದಿದವು. ೨೦ನೆಯ ಡೆಕ್ಕನ್ ಹಾರ್ಸ್ ದಳವು ೧೯೧೬ರ ಜುಲೈ ೧೪ರಂದು ಫ್ರಾನ್ಸಿನ ಸೋಮ್ ರಂಗದಲ್ಲಿ, ಹೈವುಡ್ ಎಂಬ ಕಾಡಿನ ಸಮೀಪ, ಕುದುರೆಯ ಮೇಲೆಯೇ ದಾಳಿ ನಡೆಸಿತು. ೯೭ನೆಯ ಡೆಕ್ಕನ್ ಇನ್ಫಂಟ್ರಿ ಅದೇ ವರ್ಷ ಮೆಸೊಪೊಟೇಮಿಯದಲ್ಲಿ, ತುರ್ಕರ ಮುತ್ತಿಗೆಗೆ ಸಿಲುಕಿದ್ದ ಕುತ್ ಪಟ್ಟಣವನ್ನು ಬಿಡಿಸಲು ಹೋದ ಪಡೆಯಲ್ಲಿತ್ತು. ನಿಜಾಮನ ಸ್ವಂತ ಪಡೆಯಾದ ಹೈದರಾಬಾದ್ ಲ್ಯಾನ್ಸರ್ಸ್ ದಳವು ಮೈಸೂರು ಮತ್ತು ಜೋಧಪುರದ ಲ್ಯಾನ್ಸರುಗಳೊಂದಿಗೆ ಈಜಿಪ್ಟ್, ಪ್ಯಾಲೆಸ್ಟೈನುಗಳಲ್ಲಿ ಸೇವೆ ಸಲ್ಲಿಸಿತು. ದೆಹಲಿಯಲ್ಲಿ ೧೯೨೨ರಲ್ಲಿ ನಿಲ್ಲಿಸಿದ ತೀನ್ ಮೂರ್ತಿ ಸ್ಮಾರಕದ ಮೂರು ಪ್ರತಿಮೆಗಳು ಈ ಮೂರು ಸಂಸ್ಥಾನಗಳನ್ನು ಸೂಚಿಸುತ್ತವೆ.

೧೯೨೨ರಲ್ಲಿ ಕಂಟಿಂಜೆಂಟಿನ ಹಳೆಯ ಪದಾತಿದಳಗಳನ್ನು ಒಳಗೊಂಡು ೧೯ನೆಯ ಹೈದರಾಬಾದ್ ರೆಜಿಮೆಂಟು ರೂಪುಗೊಂಡಿತು. ಅದರ ನಾಲ್ಕನೆಯ ಬೆಟಾಲಿಯನ್ ೧೯೪೨ರ ಜನವರಿಯಲ್ಲಿ ಮಲಯದ ಸ್ಲಿಮ್ ನದಿಯ ಕದನದಲ್ಲಿ ಜಪಾನೀಯರ ಎದುರು ಚೂರುಚೂರಾಯಿತು. ಉಳಿದವರು ಫೆಬ್ರವರಿ ೧೫ರಂದು ಸಿಂಗಾಪುರದಲ್ಲಿ ಸೆರೆಯಾದರು. ೧೯೪೫ರಲ್ಲಿ ಈ ರೆಜಿಮೆಂಟಿಗೆ ಕುಮಾವೂನ್ ರೆಜಿಮೆಂಟ್ ಎಂಬ ಹೊಸ ಹೆಸರು ಬಂದಿತು. ಅದರ ಕೇಂದ್ರವು ಈಗ ಹಿಮಾಲಯದ ರಾಣಿಖೇತದಲ್ಲಿದೆ. ದಳದ ಸ್ಮರಣೆಯನ್ನು ಕಾಯಬೇಕಾದ ಸಂಸ್ಥೆಯೇ ದಖ್ಖನದಿಂದ ದೂರವಾದುದನ್ನು ಇಲ್ಲಿ ಗಮನಿಸತಕ್ಕದ್ದು.

೬

೧೯೧೭ರಲ್ಲಿ ಸ್ಥಾಪಿತವಾದ ಸಾಮ್ರಾಜ್ಯ ಯುದ್ಧಸಮಾಧಿ ಆಯೋಗವು ಶ್ರೇಷ್ಠವಾದ ಒಂದು ತತ್ತ್ವವನ್ನು ಅಂಗೀಕರಿಸಿತು: ದರ್ಜೆ, ಜನಾಂಗ, ಮತಗಳ ಭೇದವಿಲ್ಲದೆ ಪ್ರತಿಯೊಬ್ಬ ಮೃತನನ್ನೂ ಹೆಸರಿನಿಂದ ಸ್ಮರಿಸಬೇಕು. ಯುರೋಪಿನಲ್ಲಿ ಈ ತತ್ತ್ವವು ಬಹುಮಟ್ಟಿಗೆ ನಡೆಯಿತು. ಫ್ರಾನ್ಸಿನ ನವ್ ಶಪೆಲ್‌ನಲ್ಲಿ ೧೯೨೭ರಲ್ಲಿ ಅನಾವರಣಗೊಂಡ ಸ್ಮಾರಕದ ಮೇಲೆ ೪,೭೦೦ಕ್ಕೂ ಹೆಚ್ಚು ಭಾರತೀಯರ ಹೆಸರುಗಳನ್ನು ಕೆತ್ತಲಾಗಿದೆ. ಸಮಾಧಿಯಿರುವ ಸೈನಿಕನ ಕಲ್ಲಿನ ಬುಡದಲ್ಲಿ ಅವನ ಮನೆಯವರು ೬೬ ಅಕ್ಷರಗಳಿಗೆ ಮೀರದ ಒಂದು ಮಾತನ್ನು ಬರೆಸಲು ಅವಕಾಶವಿತ್ತು. ಕಲ್ಲಿನ ಮೇಲೆ ಮನೆತನಕ್ಕೆ ದೊರೆತ ಜಾಗ ಅಷ್ಟೇ.

ಮೆಸೊಪೊಟೇಮಿಯದಲ್ಲಿ ತತ್ತ್ವವು ನಡೆಯಲಿಲ್ಲ. ೧೯೨೯ರಲ್ಲಿ ಅನಾವರಣಗೊಂಡ ಬಸ್ರಾ ಸ್ಮಾರಕವು ಸಮಾಧಿಯಿಲ್ಲದ ೪೦,೦೦೦ಕ್ಕೂ ಹೆಚ್ಚು ಮೃತರಿಗಾಗಿ ನಿರ್ಮಿತವಾದುದು. ಅದರ ಫಲಕಗಳಲ್ಲಿ ಬ್ರಿಟಿಷ್ ಸೈನಿಕರ ಹೆಸರುಗಳೂ ಭಾರತೀಯ ಅಧಿಕಾರಿಗಳ ಹೆಸರುಗಳೂ ಇವೆ. ಸಾಮಾನ್ಯ ಭಾರತೀಯ ಸಿಪಾಯಿಗಳನ್ನು ಮಾತ್ರ ಆಯಾ ದಳದ ಕೆಳಗೆ ಇಷ್ಟು ಮಂದಿ ಎಂಬ ಅಂಕೆಯಿಂದ ಸೂಚಿಸಲಾಯಿತು. ಇದೇ ಇರಾಕಿನ ನೆಲದಲ್ಲಿ ೬೮೦ರಲ್ಲಿ ಮಡಿದ ಹಸುಗೂಸಿನ ಹೆಸರೂ ಮುದಗಲ್ಲಿನಲ್ಲಿ ಗೊತ್ತು. ೧೯೧೬ರಲ್ಲಿ ಅಲ್ಲಿ ಮಡಿದ ಭಾರತೀಯ ಸಿಪಾಯಿಯಾದರೋ ಸ್ಮಾರಕದ ಮೇಲೆ ಒಂದು ಅಂಕೆಯ ಭಾಗವಾದನು. ಈ ಎರಡು ಸಂಗತಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಕಾಲದ ದೂರವು ವಿಸ್ಮೃತಿಗೆ ಮುಖ್ಯ ಕಾರಣವಲ್ಲವೆಂಬುದು ಸ್ಪಷ್ಟವಾಗುತ್ತದೆ.

ಆಯೋಗವೇ ನೇಮಿಸಿದ ಸಮಿತಿಯೊಂದು ೨೦೨೧ರಲ್ಲಿ ಈ ವಿಷಯವನ್ನು ಒಪ್ಪಿಕೊಂಡಿತು. ಭಾರತೀಯರು, ಆಫ್ರಿಕನರು ಮುಂತಾದ ೪೫,೦೦೦ದಿಂದ ೫೪,೦೦೦ ಮೃತರನ್ನು ಅಸಮಾನವಾಗಿ ಸ್ಮರಿಸಲಾಗಿದೆ, ಪ್ರಧಾನವಾಗಿ ಪೂರ್ವ ಆಫ್ರಿಕ ಹಾಗೂ ಈಜಿಪ್ಟಿನ ಕನಿಷ್ಠ ೧,೧೬,೦೦೦ ಮಂದಿಯನ್ನು, ಪ್ರಾಯಶಃ ೩,೫೦,೦೦೦ದಷ್ಟು ಮಂದಿಯನ್ನು, ಹೆಸರಿನಿಂದ ಸ್ಮರಿಸಲಾಗಿಲ್ಲ ಅಥವಾ ಸ್ಮರಿಸಲೇ ಇಲ್ಲ ಎಂದು ಅದರ ವರದಿ ತಿಳಿಸಿತು. ಆಯೋಗವು ಕ್ಷಮೆ ಕೋರಿತು.

ಹಳ್ಳಿಗಳಲ್ಲಿಯೂ ಇದೇ ರೀತಿ ನಡೆಯಿತು. ಮೊದಲನೆಯ ಯುದ್ಧದ ತರುವಾಯ ಪಂಜಾಬ, ಮಹಾರಾಷ್ಟ್ರಗಳ ಅನೇಕ ಗ್ರಾಮಗಳಲ್ಲಿ ಸರ್ಕಾರವು ಅಮೃತಶಿಲೆಯ ಫಲಕಗಳನ್ನು ಹಾಕಿಸಿತು. ಈ ಗ್ರಾಮದಿಂದ ಇಷ್ಟು ಜನ ಯುದ್ಧಕ್ಕೆ ಹೋದರು, ಅವರಲ್ಲಿ ಇಷ್ಟು ಜನ ಪ್ರಾಣವಿತ್ತರು ಎಂದು ಅವುಗಳ ಒಕ್ಕಣೆ. ಊರ ನಡುವೆ, ಮೃತನ ಮನೆಯ ಎದುರಿಗೇ ನಿಂತ ಕಲ್ಲಿನ ಮೇಲೂ ಅವನ ಹೆಸರು ಬರಲಿಲ್ಲ.

ಹೆಸರು ಬಂದಲ್ಲಿಯೂ ಮನೆತನ ಬರಲಿಲ್ಲವೆಂಬುದು ಇನ್ನೊಂದು ತೊಡಕು. ಬರ್ಮಾದ ತೌಕ್ಯಾನ್‌ನಲ್ಲಿರುವ ರಂಗೂನ್ ಸ್ಮಾರಕದಲ್ಲಿ ಎರಡನೆಯ ಯುದ್ಧದ ಸುಮಾರು ೨೭,೦೦೦ ಮೃತರ ಹೆಸರುಗಳಿವೆ. ಆಯೋಗದ ನೋಂದಣಿಯಲ್ಲಿ ಭಾರತೀಯ ಸಿಪಾಯಿಯ ಸಂಖ್ಯೆ, ದಳ, ಮೃತಿದಿನಗಳ ಜೊತೆಗೆ ದೊರೆತಲ್ಲಿ ತಂದೆಯ ಅಥವಾ ಹೆಂಡತಿಯ ಹೆಸರು, ಊರು, ಜಿಲ್ಲೆ ಬರುತ್ತವೆ. ನಮ್ಮ ಸೀಮೆಯಲ್ಲಿ ಒಬ್ಬನನ್ನು ಗುರುತಿಸುವುದು ಮನೆತನದ ಹೆಸರಿನಿಂದ. ನೋಂದಣಿಯ ಅಂಕಣಗಳಲ್ಲಿ ಅದಕ್ಕೆ ಸ್ಥಾನವಿಲ್ಲ. ಅಣ್ಣನು ಬಸ್ರಾದಲ್ಲಿ, ದಾಯಾದಿಯು ಫ್ರಾನ್ಸಿನಲ್ಲಿ, ಒಂದು ತಲೆಮಾರಿನ ಬಳಿಕ ಅಣ್ಣನ ಮಗನು ಬರ್ಮಾದಲ್ಲಿ ಮಡಿದಿದ್ದರೆ ಮೂವರೂ ಮೂರು ಸ್ಮಾರಕಗಳ ಮೂರು ದಳಗಳ ಕೆಳಗೆ ಬೇರೆಬೇರೆಯಾಗಿ ನಿಲ್ಲುತ್ತಾರೆ. ಅವರು ಒಂದೇ ಅಂಗಳದವರೆಂದು ಆ ಕಲ್ಲುಗಳನ್ನು ಓದಿ ತಿಳಿಯುವ ಉಪಾಯವಿಲ್ಲ.

೭

ಇತರೆಡೆಗಳ ನಿದರ್ಶನಗಳಿಂದ ಈ ಮಾತು ಇನ್ನಷ್ಟು ಸ್ಫುಟವಾಗುತ್ತದೆ. ಇಂಗ್ಲೆಂಡಿನ ಗ್ರೇಟ್ ರಿಸಿಂಗ್ಟನ್ ಎಂಬ ಸಣ್ಣ ಹಳ್ಳಿಯ ಸೋಲ್ಸ್ ಮನೆತನದ ಐವರು ಅಣ್ಣತಮ್ಮಂದಿರು ೧೯೧೬ರಿಂದ ೧೯೧೮ರ ನಡುವೆ ಹತರಾದರು. ಅವಳಿಗಳಾದ ಆಲ್ಫ್ರೆಡ್ ಮತ್ತು ಆರ್ಥರ್ ೧೯೧೮ರ ಏಪ್ರಿಲಿನಲ್ಲಿ ಐದೇ ದಿನಗಳ ಅಂತರದಲ್ಲಿ ಸತ್ತರು. ಐವರೂ ಬೇರೆಬೇರೆ ಕಡೆ ಮಡಿದರೂ ಅವರ ಊರಿನ ಇಗರ್ಜಿಯಲ್ಲಿ ಒಂದೇ ಉಪನಾಮದ ಕೆಳಗೆ ಒಟ್ಟಾಗಿ ಸ್ಮರಣೆಗೊಂಡಿದ್ದಾರೆ. ಅಮೆರಿಕದಲ್ಲಿ ೧೯೪೨ರ ನವೆಂಬರಿನಲ್ಲಿ ಜೂನೋ ಎಂಬ ಯುದ್ಧನೌಕೆಯೊಂದಿಗೆ ಮುಳುಗಿದ ಸಲಿವನ್ ಸಹೋದರರು ಐವರ ಹೆಸರಿನಲ್ಲಿ ಬೇರೊಂದು ನೌಕೆಯೇ ಸಿದ್ಧವಾಯಿತು. ಮೃತರ ಹೆಸರು ಉಪನಾಮದೊಡನೆ, ಊರಿನಲ್ಲಿ ದಾಖಲಾದುದರಿಂದ ಮನೆತನವು ತಾನಾಗಿ ಕಾಣುತ್ತದೆ.

ಇಂತಹ ಅನುಕೂಲವು ಕರ್ನಾಟಕದೊಳಗೇ ಕೊಡಗಿಗೆ ಉಂಟು. ಕೊಡವರ ಹೆಸರಿಗೆ ಮುಂಚೆ ಒಕ್ಕದ ಹೆಸರು ಬರುತ್ತದೆ. ಕೋದಂಡೇರ ಮಾದಪ್ಪ ಕಾರಿಯಪ್ಪ, ಕೋದಂಡೇರ ಸುಬ್ಬಯ್ಯ ತಿಮ್ಮಯ್ಯ ಎಂಬ ಇಬ್ಬರು ದಂಡನಾಯಕರ ಹೆಸರುಗಳನ್ನು ನೋಡಿದೊಡನೆಯೇ ಅವರು ಒಂದೇ ಒಕ್ಕದವರೆಂದು ತಿಳಿಯುತ್ತದೆ. ಸೇನೆಯ ಪಟ್ಟಿಯಲ್ಲಿ ಒಕ್ಕದ ಹೆಸರು ಉಳಿದುದರಿಂದ ಪಡೆಯ ಎಣಿಕೆಯಿಂದ ಮನೆಯ ಎಣಿಕೆಗೆ ದಾಟುವ ಸೇತುವೆ ಅಲ್ಲಿದೆ. ಐನ್‌ಮನೆಯ ಬಳಿಯ ಕೈಮಡದಲ್ಲಿ ಒಕ್ಕದ ಹಿರಿಯರನ್ನು ನೆನೆಯುವ ಪದ್ಧತಿಯೂ ಇದಕ್ಕೆ ಪೋಷಕವಾಗಿದೆ.

ಪಂಜಾಬದ ನಿದರ್ಶನವು ಸಂಶೋಧಕರಿಗೆ ಹೆಚ್ಚು ಉಪಯುಕ್ತ. ಅಲ್ಲಿನ ಸರ್ಕಾರವು ಮೊದಲನೆಯ ಯುದ್ಧದ ಕೊನೆಗೆ ಊರೂರಿನಂತೆ ಬರೆಯಿಸಿದ ಸೈನಿಕರ ನೋಂದಣಿ ಪುಸ್ತಕಗಳು ಲಾಹೋರ್ ವಸ್ತುಸಂಗ್ರಹಾಲಯದಲ್ಲಿ ಉಳಿದಿದ್ದವು. ಸುಮಾರು ೩,೨೦,೦೦೦ ಮಂದಿಯ ಈ ದಾಖಲೆಗಳು ೨೦೨೧ರಲ್ಲಿ ಸಾರ್ವಜನಿಕರಿಗೆ ದೊರೆಯುವಂತಾದವು. ತಂದೆಯ ಹೆಸರಿನೊಡನೆ ಊರಿನ ಕ್ರಮದಲ್ಲಿ ಬರೆದಿರುವುದರಿಂದ ಮುಮ್ಮಕ್ಕಳು ತಮ್ಮ ಹಿರಿಯರನ್ನು ಅದರಲ್ಲಿ ಹುಡುಕಿಕೊಳ್ಳಬಲ್ಲರು.

೮

ದೋಆಬಿನಲ್ಲಿ ಈ ಸ್ಮರಣೆ ಮಸುಕಾಗಲು ರಾಜಕೀಯ ಕಾರಣಗಳೂ ಉಂಟು. ಎರಡನೆಯ ಯುದ್ಧವು ಮುಗಿದು ಸುಮಾರು ಮೂರು ವರ್ಷಗಳಲ್ಲಿ ರಜಾಕಾರರ ಹಾವಳಿ, ಸಂಸ್ಥಾನದ ವಿಮೋಚನೆಯ ಹೋರಾಟ, ೧೯೪೮ರ ಸೆಪ್ಟೆಂಬರಿನ ಪೋಲೀಸ್ ಕಾರ್ಯಾಚರಣೆ ನಡೆದವು. ಊರಿನ ಸಾರ್ವಜನಿಕ ನೆನಪಿನಲ್ಲಿ ವಿಮೋಚನೆಗಾಗಿ ದುಡಿದವರು ಮುಂದಿನ ಸಾಲಿಗೆ ಬಂದುದು ನ್ಯಾಯವೇ. ಆದರೆ ನಿಜಾಮನ ಅಥವಾ ಇಂಗ್ಲಿಷರ ಸಂಬಳಕ್ಕೆ ಹೋಗಿ ಸತ್ತವನನ್ನು ಕುರಿತು ಬಹಿರಂಗವಾಗಿ ಮಾತನಾಡುವ ಸಂದರ್ಭವೇ ಇಲ್ಲದಂತಾಯಿತು. ೧೯೫೬ರಲ್ಲಿ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಸಂಸ್ಥಾನದ ಉರ್ದು, ಪಾರಸಿ ಕಾಗದಪತ್ರಗಳು ಹೈದರಾಬಾದಿನಲ್ಲಿ ಉಳಿದವು. ದೆಹಲಿಯಲ್ಲಿ ೨೦೧೯ರಲ್ಲಿ ಆರಂಭವಾದ ರಾಷ್ಟ್ರೀಯ ಯುದ್ಧಸ್ಮಾರಕವು ಸ್ವಾತಂತ್ರ್ಯೋತ್ತರ ಮೃತರಿಗಾಗಿ ಇರುವಂತಹುದು. ಹೀಗೆ ಹಳೆಯ ಪ್ರಭುತ್ವವು ಅಂಕೆಯಾಗಿ ಬರೆದವರನ್ನು ಹೊಸ ಪ್ರಭುತ್ವವು ತನ್ನ ಪಟ್ಟಿಗೆ ಸೇರಿಸಿಕೊಂಡಿಲ್ಲ.

ಆರ್ಥಿಕ ಕಾರಣವು ಸಿಂಧನೂರಿನಲ್ಲಿ ವಿಶೇಷವಾಗಿ ಕಾಣುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಜೋಳ, ಹತ್ತಿಗಳ ಎರೆಹೊಲಗಳು ಭತ್ತದ ಗದ್ದೆಗಳಾದವು. ಆಂಧ್ರದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡರು. ಪೂರ್ವ ಬಂಗಾಳದ ನಿರಾಶ್ರಿತ ಕುಟುಂಬಗಳಿಗೂ ಇಲ್ಲಿ ನೆಲೆ ದೊರೆಯಿತು. ಹೊಲವು ಕೈಬದಲಾದಾಗ ಅದರೊಡನೆ ಅಂಟಿಕೊಂಡಿದ್ದ ಮನೆತನದ ಕಥೆಯೂ ಕೇಳುವವರನ್ನು ಕಳೆದುಕೊಳ್ಳುತ್ತದೆ. ಭೂಮಿಯೇ ನೆನಪನ್ನು ಹೊತ್ತಿದ್ದ ನೆತ್ತರುಗೊಡಗೆಯ ಕಾಲಕ್ಕೂ ಇದಕ್ಕೂ ಇರುವ ಅಂತರವನ್ನು ವಿವರಿಸಬೇಕಾಗಿಲ್ಲ.

ಹೀಗಿದ್ದರೂ ಈ ಸೀಮೆಯಲ್ಲಿ ಮನೆತನಗಳನ್ನು ದಾಖಲಿಸುವ ಒಂದು ವೃತ್ತಿ ಇದೆ. ಅದು ಹೆಳವರದು. ಹೆಳವರು ಊರೂರು ತಿರುಗುತ್ತ, ಒಕ್ಕಲು ಮನೆಗಳ ಮುಂದೆ ನಿಂತು ವಂಶಾವಳಿಯನ್ನು ಹೇಳಿ, ಹೊಸದಾಗಿ ಹುಟ್ಟಿದವರ ಹೆಸರುಗಳನ್ನು ತಮ್ಮ ಹೊತ್ತಿಗೆಗಳಲ್ಲಿ ಸೇರಿಸಿಕೊಂಡು, ದವಸ ಧಾನ್ಯಗಳನ್ನು ಪಡೆದು ಮುಂದೆ ಸಾಗುತ್ತಾರೆ. ಸೇನೆಯ ನೋಂದಣಿಯಲ್ಲಿ ಇಲ್ಲದಿರುವುದು, ಎಂದರೆ ಮನೆತನದ ಹೆಸರು ಮತ್ತು ದಾಯಾದಿಗಳ ಕವಲು, ಹೆಳವರ ಹೊತ್ತಿಗೆಯಲ್ಲಿದೆ. ಹೊತ್ತಿಗೆಯಲ್ಲಿ ಇಲ್ಲದಿರುವುದು, ಎಂದರೆ ದಳ, ಸತ್ತ ದಿನ, ಸತ್ತ ಸ್ಥಳ, ನೋಂದಣಿಯಲ್ಲಿದೆ. ತಂದೆಯ ಹೆಸರು ಮತ್ತು ಊರಿನ ಹೆಸರು ಎರಡರಲ್ಲಿಯೂ ಬರುವುದರಿಂದ ಒಂದನ್ನು ಇನ್ನೊಂದಕ್ಕೆ ಹೊಂದಿಸಿ ಓದಬಹುದು. ಈ ಎರಡು ಆಕರಗಳನ್ನು ಕೂಡಿಸುವುದೇ ನಮ್ಮ ಮುಖ್ಯ ಸೂಚನೆ.

ಲಿಂಗಸುಗೂರು, ಮಸ್ಕಿ, ಸಿಂಧನೂರಿನ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಈ ಕೆಲಸಕ್ಕೆ ಅತ್ಯಂತ ಯೋಗ್ಯರು. ಮೊದಲು ತಮ್ಮ ಊರಿನಲ್ಲಿ ಹಳೆಯ ಪಿಂಚಣಿ ಕಾಗದ, ಬಿಡುಗಡೆ ಪತ್ರ, ಪದಕ ಇರುವ ಮನೆಗಳನ್ನು ಕೇಳಿ ತಿಳಿಯಬೇಕು. ಮೊದಲನೆಯ ಯುದ್ಧದ ಬೆಳ್ಳಿಯ ಪದಕದ ಅಂಚಿನಲ್ಲಿ ಸೈನಿಕನ ಸಂಖ್ಯೆ, ಹೆಸರು, ದಳಗಳನ್ನು ಒತ್ತಿರುತ್ತಾರೆ. ಬೆಳ್ಳಿಯಾದುದರಿಂದ ಅದು ಕರಗಿಹೋಗುವ ಅಪಾಯ ಹೆಚ್ಚು, ಆದಕಾರಣ ಕಂಡೊಡನೆ ಅಂಚಿನ ಬರಹವನ್ನು ನಕಲು ಮಾಡಿಕೊಳ್ಳುವುದು ಅವಶ್ಯ. ಮೃತರ ಬಂಧುಗಳಿಗೆ ಕೊಡುತ್ತಿದ್ದ ಕಂಚಿನ ದುಂಡುಫಲಕದ ಮೇಲೆ ದರ್ಜೆಯನ್ನು ಬಿಟ್ಟು ಹೆಸರನ್ನಷ್ಟೇ ಎರಕ ಹೊಯ್ದಿರುತ್ತಾರೆ. ಎರಡನೆಯದಾಗಿ, ಮನೆಯ ಹಿರಿಯ ಹೆಂಗಸರಿಂದ ಸಂಬಂಧಗಳನ್ನು ಬರೆದುಕೊಳ್ಳಬೇಕು. ತವರಿನ ಕಡೆಯ ಮೃತರನ್ನು ಬಲ್ಲವರು ಬಹುಮಟ್ಟಿಗೆ ಅವರೇ. ಹಿರಿಯರ ಪೂಜೆಯಲ್ಲಿ ಯಾರ ಹೆಸರು ಹಿಡಿಯುತ್ತಾರೆ, ಮೊಮ್ಮಗನಿಗೆ ಯಾರ ಹೆಸರಿಟ್ಟಿದ್ದಾರೆ ಎಂಬ ಪ್ರಶ್ನೆಗಳನ್ನು ತಪ್ಪದೆ ಕೇಳಬೇಕು. ಮೂರನೆಯದಾಗಿ, ಹೆಳವರು ಊರಿಗೆ ಬಂದಾಗ ಅವರ ಅನುಮತಿಯಿಂದ ಆಯಾ ವಂಶಾವಳಿಯನ್ನು ಪ್ರತಿಮಾಡಿಕೊಳ್ಳಬೇಕು. ಇವುಗಳನ್ನು ಆಯೋಗದ ನೋಂದಣಿಯೊಡನೆ ಹೋಲಿಸುವುದು ಕೊನೆಯ ಹಂತ.

ಮೊದಲನೆಯ ಯುದ್ಧಕ್ಕೆ ಹೋದವರನ್ನು ಕಣ್ಣಾರೆ ಕಂಡವರು ಈಗ ಉಳಿದಿಲ್ಲ. ಎರಡನೆಯದಕ್ಕೆ ಹೋದವರ ಮಕ್ಕಳು ವೃದ್ಧರಾಗಿದ್ದಾರೆ. ವೀರಗಲ್ಲುಗಳನ್ನು ನಿಲಿಸಿದ ಕಾಲದಲ್ಲಿ ಈ ಕೆಲಸವನ್ನು ಮೃತನ ತಮ್ಮನೋ ಮಗನೋ ಮಾಡುತ್ತಿದ್ದನು. ಇಂದು ಆ ಸಂಬಂಧವನ್ನು ಬಲ್ಲ ಕೊನೆಯ ತಲೆಮಾರು ಇರುವಾಗಲೇ ಅದನ್ನು ಕೇಳಿ ಬರೆದಿಡುವುದು ನಮ್ಮ ವಿಭಾಗಗಳ ಪಾಲಿಗೆ ಬಂದಿದೆ. ಒಂದೊಂದು ಕಾಲೇಜು ಒಂದೊಂದು ಮನೆತನವನ್ನು ಆರಿಸಿಕೊಂಡು, ಅದರ ಮೃತರನ್ನು ಹೆಸರು, ಸಂಬಂಧ, ಸ್ಥಳಗಳೊಡನೆ ಒಂದು ಪುಟದಲ್ಲಿ ಕೂಡಿಸಿ ಬರೆದರೂ ದೋಆಬಿನ ಇತಿಹಾಸಕ್ಕೆ ಅದು ಸಾರ್ಥಕವಾದ ಸೇವೆಯಾಗುವುದರಲ್ಲಿ ಸಂದೇಹವಿಲ್ಲ.